ಬಾನೆಟ್ಟಿನಲ್ಲಿ ಬಿಲ, ಗ್ಯಾರೇಜಿನಲ್ಲಿ ಬಿಲ್ಲು

ದಸರಾ ಮುಗಿದು ಹತ್ತು ಹನ್ನೆರಡು ದಿನ ಆಗಿತ್ತು. ಬೆಳಗ್ಗೆ ಕೀ ತಿರುಗಿಸಿದರೆ ಕಾರು ಕೆಮ್ಮಿತು, ನಡುಗಿತು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿದ್ದು ಆರಲೇ ಇಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಿಂದ ಮೆಕ್ಯಾನಿಕ್ ಶೆಡ್ಡಿಗೆ ಒಂದೂವರೆ ಕಿಲೋಮೀಟರ್. ಅಷ್ಟು ದೂರಕ್ಕೆ ಮೂರು ಸಲ ನಿಂತಿತು. ಬಾನೆಟ್ ಎತ್ತಿದ ಮೆಕ್ಯಾನಿಕ್ ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ವೈಪರ್ ಕೆಳಗೆ, ಗಾಜಿನ ಬುಡದಲ್ಲಿರುವ ಕಪ್ಪು ಜಾಲರಿಯ ಮೇಲೆ ಬೆರಳಾಡಿಸಿ ಕೇಳಿದ: "ಸಾರ್, ಆಯುಧಪೂಜೆ ಜೋರಾಗಿ ಮಾಡಿದ್ರಾ?"

ಜೋರಾಗಿಯೇ ಮಾಡಿದ್ದೆವು. ಬಾಳೆಕಂದು, ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಬಾನೆಟ್ ಮೇಲೆ ಎಲೆ ಹಾಸಿ ಕಡ್ಲೆಪುರಿ, ಬೆಲ್ಲ, ಬಾಳೆಹಣ್ಣು. ಪೂಜೆ ಮುಗಿದು ಎಲೆ ಎತ್ತುವಾಗ ಎರಡು ಹಿಡಿ ಪುರಿ ಆ ಜಾಲರಿಯ ಸಂದಿಗೆ ಸುರಿದುಹೋಗಿತ್ತು. ಹೋದರೆ ಹೋಗಲಿ ಬಿಡು ಅಂದುಕೊಂಡಿದ್ದೆ. ಅದು ಎಲ್ಲಿಗೂ ಹೋಗಿರಲಿಲ್ಲ.

ಬ್ಯಾಟರಿ ಪಕ್ಕದ ಸಂದಿಯಿಂದ ಮೆಕ್ಯಾನಿಕ್ ಒಂದು ಗೂಡು ಎತ್ತಿ ನೆಲದ ಮೇಲಿಟ್ಟ. ಅಂಗೈ ಅಗಲದ್ದು. ಬಾನೆಟ್ಟಿನ ಒಳಮೈಗೆ ಅಂಟಿಸಿರುವ ಸ್ಪಂಜಿನ ಹಾಳೆಯನ್ನು ಹರಿದು ಹರಿದು ಮಾಡಿದ ಹಾಸಿಗೆ. ಅದರಲ್ಲಿ ಪುರಿ, ಒಣಗಿದ ಸೇವಂತಿಗೆ ಎಸಳು, ಚಾಕಲೇಟಿನ ಹೊಳೆಯುವ ಕಾಗದ, ಒಂದು ಕೋಳಿ ಮೂಳೆ. ನಮ್ಮ ಮನೆಯಲ್ಲಿ ಕೋಳಿ ಮಾಡುವುದಿಲ್ಲ. ಅಂದರೆ ಈ ಇಲಿ ಊಟ ತರಲು ಹೊರಗೆ ಹೋಗಿ ಬರುತ್ತಿತ್ತು. ಗೂಡಿನ ಸುತ್ತ ಅಕ್ಕಿಕಾಳಿಗಿಂತ ದಪ್ಪನೆಯ ಕಪ್ಪು ಹಿಕ್ಕೆ. ಅದರ ಪಕ್ಕದಲ್ಲೇ ಇಂಜೆಕ್ಟರಿಗೆ ಹೋಗುವ ಎರಡು ವೈರು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತುಂಡಾಗಿದ್ದವು. ತಾಮ್ರ ಹೊಸ ಪೈಸೆಯ ಹಾಗೆ ಫಳಫಳ ಅನ್ನುತ್ತಿತ್ತು. "ಸಂಸಾರ ಹೂಡಿಬಿಟ್ಟಿದೆ ಸಾರ್," ಅಂದ.

ಆ ಕೋಳಿ ಮೂಳೆಯನ್ನು ನೋಡಿದ ಮೇಲೆ ನನ್ನ ಯೋಚನೆ ಬದಲಾಯಿತು. ಅಲ್ಲಿಯವರೆಗೆ ಇಲಿಗೆ ನನ್ನ ಕಾರಿನ ವೈರು ರುಚಿ ಅಂದುಕೊಂಡಿದ್ದೆ. ಹೊರಗಿನಿಂದ ಮೂಳೆ ತಂದು ತಿನ್ನುವ ಪ್ರಾಣಿಗೆ ವೈರು ಯಾಕೆ ಊಟವಾಗಬೇಕು? ಅದಕ್ಕೆ ಬೇಕಾಗಿದ್ದು ಮನೆ. ಇಷ್ಟು ಅರ್ಥವಾದರೆ ಅಂಗಡಿಯಲ್ಲಿ ಮಾರುವ ಔಷಧಿಗಳಲ್ಲಿ ಅರ್ಧದಷ್ಟು ಯಾಕೆ ಕೆಲಸ ಮಾಡುವುದಿಲ್ಲ ಅನ್ನುವುದೂ ತಾನಾಗಿ ಗೊತ್ತಾಗುತ್ತದೆ.

ಇಲಿಯ ಕಣ್ಣಿನಿಂದ ನೋಡಿ. ರಾತ್ರಿ ಒಂಬತ್ತಕ್ಕೆ ಬಂದು ನಿಂತ ಕಾರು ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಮೇಲೆ ತಗಡಿನ ಚಾವಣಿ, ಕೆಳಗೆ ಮಾತ್ರ ಬಾಗಿಲು. ಮಳೆ ಬೀಳುವುದಿಲ್ಲ. ನಾಯಿ, ಗೂಬೆ ಯಾವುದಕ್ಕೂ ಒಳಗೆ ದಾರಿ ಇಲ್ಲ. ಟೈರು ಹತ್ತಿ, ಸಸ್ಪೆನ್ಷನ್ನಿನ ತೋಳಿನ ಮೇಲೆ ನಡೆದರೆ ಎರಡು ನಿಮಿಷದಲ್ಲಿ ಒಳಗೆ. ಸುಂಡಿಲಿಗೆ 6 ಮಿಲಿಮೀಟರ್ ಸಂದಿ ಸಾಕು, ದೊಡ್ಡ ಇಲಿಗೆ ಸುಮಾರು 12. ಕಾರಿನ ಕೆಳಗೆ ಮಲಗಿ ನೋಡಿದರೆ ಮುಷ್ಟಿ ತೂರುವಷ್ಟು ದೊಡ್ಡ ಸಂದಿಗಳೇ ಹತ್ತಾರು ಇರುತ್ತವೆ. ನಮ್ಮ ಕಡೆ ಹೀಗೆ ಹತ್ತುವುದು ಹೆಚ್ಚಾಗಿ ಮನೆ ಇಲಿ, ಅದು ಹತ್ತುವುದರಲ್ಲಿ ನಿಸ್ಸೀಮ. ಹೆಗ್ಗಣದ ಕಸುಬು ತೋಡುವುದು. ಅದು ಪಾರ್ಕಿಂಗ್ ನೆಲವನ್ನೇ ಟೊಳ್ಳು ಮಾಡುತ್ತದೆ. ಹಗಲು ಹೊತ್ತು ಕಾಣಿಸುವ ಅಳಿಲನ್ನೂ ಈ ಲೆಕ್ಕದಿಂದ ಬಿಡುವ ಹಾಗಿಲ್ಲ, ಅದೂ ಕಡಿಯುವ ಜಾತಿಯೇ.

ಮನೆ ಅಂದ ಮೇಲೆ ವೈರು ಯಾಕೆ ಕಡಿಯಬೇಕು? ಹಲ್ಲಿನಿಂದಾಗಿ. ಇಲಿಯ ಮುಂದಿನ ನಾಲ್ಕು ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ, ವರ್ಷಕ್ಕೆ ಸುಮಾರು 4ರಿಂದ 5 ಇಂಚು. ಸವೆಸದಿದ್ದರೆ ಬಾಯಿ ಮುಚ್ಚಲೂ ಆಗುವುದಿಲ್ಲ. ಹಲ್ಲಿನ ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮಲ್ ಇದೆ, ಹಿಂಭಾಗ ಮೆದು. ಕಡಿದಂತೆಲ್ಲ ಹಿಂದಿನದು ಬೇಗ ಸವೆದು ಮುಂದಿನದು ಉಳಿಯ ಹಾಗೆ ಹರಿತವಾಗುತ್ತದೆ. ತಾಮ್ರ ಈ ಹಲ್ಲಿಗೆ ಏನೇನೂ ಅಲ್ಲ. ಜೊತೆಗೆ ಗೂಡಿಗೆ ದಾರಿ ಮಾಡಿಕೊಳ್ಳುವಾಗ ಅಡ್ಡ ಬಂದದ್ದನ್ನೆಲ್ಲ ಕತ್ತರಿಸುವುದು ಅದರ ಸ್ವಭಾವ. ನಾವು ಕೊಂಬೆ ಕಡಿಯುವುದಿಲ್ಲವೇ, ಹಾಗೆ.

ಇನ್ನು ಸೋಯಾ ಕಥೆ. ಇದನ್ನು ನೀವೂ ಕೇಳಿರುತ್ತೀರಿ. ಈಗಿನ ಕಾರುಗಳ ವೈರಿನ ಹೊದಿಕೆಯನ್ನು ಸೋಯಾಬೀನ್ ಎಣ್ಣೆಯಿಂದ ಮಾಡುತ್ತಾರಂತೆ, ಆ ವಾಸನೆಗೇ ಇಲಿ ಬರುತ್ತವಂತೆ. ಕಥೆ ಪೂರ್ತಿ ಗಾಳಿಸುದ್ದಿ ಅಲ್ಲ. ಪೆಟ್ರೋಲಿಯಂ ಮೂಲದ ಕೆಲವು ಪದಾರ್ಥಗಳ ಬದಲು ಸಸ್ಯಮೂಲದ್ದನ್ನು ಬಳಸುವ ಪರಿಪಾಠ ವಾಹನ ಉದ್ಯಮದಲ್ಲಿ ಇದೆ. 2016ರಲ್ಲಿ ಅಮೆರಿಕದ ಕಾರು ಮಾಲೀಕರು ಇದೇ ವಿಷಯಕ್ಕೆ ಟೊಯೋಟ ಮೇಲೆ ಕ್ಯಾಲಿಫೋರ್ನಿಯಾದ ಕೋರ್ಟಿಗೆ ಹೋದರು. ಹೋಂಡಾ ಮೇಲೂ ಇಂಥದ್ದೇ ದಾವೆ ಬಂತು. ವೈರಿನಲ್ಲಿ ಸೋಯಾ ಇರುವುದೇ ದೋಷ, ಅದನ್ನು ವಾರಂಟಿಯಲ್ಲಿ ಸರಿ ಮಾಡಿಕೊಡಬೇಕು ಅನ್ನುವುದು ಅವರ ವಾದ. ಕಂಪನಿಗಳು ಒಪ್ಪಲಿಲ್ಲ.

ನನಗೆ ಈ ವಾದ ಅರ್ಧ ಮಾತ್ರ ಹಿಡಿಸುತ್ತದೆ. ಸೋಯಾ ಬರುವ ಎಷ್ಟೋ ಮೊದಲೇ ಇಲಿಗಳು ಟೆಲಿಫೋನ್ ಕೇಬಲ್ ಕಡಿಯುತ್ತಿದ್ದವು. ನೆಲದಡಿಯ ಕೇಬಲ್ಲಿಗೆ ಉಕ್ಕಿನ ಪಟ್ಟಿ ಸುತ್ತುವುದಕ್ಕೆ ಇರುವ ಕಾರಣಗಳಲ್ಲಿ ಇಲಿಯೂ ಒಂದು. ಮನೆಯಲ್ಲಿ ಇಲಿ ಸೋಪು ಕಡಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಕಡಿಯುತ್ತದೆ, ನಲ್ಲಿಯ ಪೈಪು ಕಡಿಯುತ್ತದೆ. ಬಕೆಟ್ಟಿನಲ್ಲಿ ಯಾವ ಸೋಯಾ ಇದೆ? ವೈರಿಗೆ ಸ್ವಲ್ಪ ವಾಸನೆ ಇದ್ದರೆ ಇಲಿಗೆ ಇನ್ನಷ್ಟು ಖುಷಿ ಆಗಬಹುದೇನೋ. ಆದರೆ ಸೋಯಾ ಇಲ್ಲದ ವೈರು ಹಾಕಿಸಿದರೆ ಇಲಿ ಮುಟ್ಟುವುದಿಲ್ಲ ಅಂತ ಯಾರಾದರೂ ಹೇಳಿದರೆ ದುಡ್ಡು ಬಿಚ್ಚಬೇಡಿ.

ಹಾಗಿದ್ದರೆ ಮೊದಲು ಇಲ್ಲದ ಈ ಗೋಳು ಈಗ ಯಾಕೆ ಜಾಸ್ತಿ ಕೇಳಿಸುತ್ತಿದೆ? ಇಲಿ ಬದಲಾಗಿಲ್ಲ, ಕಾರು ಬದಲಾಗಿದೆ. ಅಂಬಾಸಿಡರ್ ಕಾಲದಲ್ಲೂ ಇಲಿ ಬಾನೆಟ್ ಹೊಗುತ್ತಿತ್ತು. ಆದರೆ ಅದರೊಳಗೆ ಇದ್ದ ವೈರೇ ಕಮ್ಮಿ. ಒಂದು ತುಂಡಾದರೆ ಹಾರನ್ ಹೋಗುತ್ತಿತ್ತು ಇಲ್ಲವೇ ಒಂದು ಲೈಟು ಹೋಗುತ್ತಿತ್ತು. ರಸ್ತೆ ಬದಿಯಲ್ಲೇ ವೈರು ಸುಲಿದು, ಹೊಸೆದು, ಟೇಪು ಸುತ್ತಿದರೆ ಮುಗಿಯಿತು. ಈಗಿನ ಕಾರಿನಲ್ಲಿ ಇಂಜಿನ್ನಿಗೆ ಒಂದು ಕಂಪ್ಯೂಟರ್, ಬ್ರೇಕಿಗೆ ಒಂದು, ಏರ್‌ಬ್ಯಾಗಿಗೆ ಒಂದು. ಇವು ಒಂದರ ಜೊತೆ ಒಂದು ಮಾತಾಡಿಕೊಳ್ಳುವುದು ಹೊಸೆದ ಎರಡು ಸಣ್ಣ ವೈರುಗಳ ಮೇಲೆ. ಆ ಜೋಡಿಗೆ ಹಲ್ಲು ತಾಗಿದರೆ ಎಲ್ಲೋ ಬಾಗಿಲ ಹತ್ತಿರ ಕಡಿದದ್ದಕ್ಕೆ ಇಡೀ ಕಾರು ಮೂರ್ಛೆ ಹೋಗಬಹುದು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೊಗೆಯ ಮೇಲೆ ಕಣ್ಣಿಡುವ ಸೆನ್ಸರುಗಳೂ ಹೆಚ್ಚಾದವು. ಒಂದೊಂದು ಸೆನ್ಸರಿಗೂ ಎರಡರಿಂದ ಆರು ವೈರು. ಇಲಿಗೆ ಮೊದಲು ಒಂದು ಬಳ್ಳಿ ಇತ್ತು, ಈಗ ತೋಟವೇ ಇದೆ ಅನ್ನಿ.

ಅದೇ 2020ರಲ್ಲಿ ಲಾಕ್‌ಡೌನ್ ಬಂತು. ಕಾರುಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಂತವು. ಇಲಿ ಹೊಸ ವಸ್ತು ಕಂಡರೆ ಹೆದರುವ ಪ್ರಾಣಿ, ಎರಡು ಮೂರು ದಿನ ದೂರದಿಂದಲೇ ಮೂಸಿ ನೋಡುತ್ತದೆ. ದಿನಾ ಓಡುವ, ದಿನಾ ಜಾಗ ಬದಲಿಸುವ ಕಾರು ಅದಕ್ಕೆ ಪ್ರತಿ ಸಲವೂ ಹೊಸದೇ. ನಿಂತ ಕಾರು ಮಾತ್ರ ನಾಲ್ಕನೇ ದಿನಕ್ಕೆ ಬಂಡೆಯೋ ಮರವೋ ಆಗಿಬಿಡುತ್ತದೆ.

ಇಲ್ಲಿ ಮೈಸೂರಿನ ವಿಷಯ ಬರುತ್ತದೆ. ನಮ್ಮೂರನ್ನು ಪೆನ್ಷನ್‌ದಾರರ ಸ್ವರ್ಗ ಅನ್ನುತ್ತಾರೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದ ಎಷ್ಟೋ ಮನೆಗಳಲ್ಲಿ ಇರುವುದು ಇಬ್ಬರೇ ಹಿರಿಯರು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ. ಕಾರು ಹೊರಗೆ ಬರುವುದು ಭಾನುವಾರ ಚಾಮುಂಡಿಬೆಟ್ಟಕ್ಕೆ, ಇಲ್ಲ ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ. ಉಳಿದ ದಿನ ಹೊದಿಕೆ ಹೊದ್ದು ಗೇಟಿನೊಳಗೆ ನಿಂತಿರುತ್ತದೆ. ನೆಲದವರೆಗೆ ಇಳಿಬಿಟ್ಟ ಆ ಹೊದಿಕೆ ಇಲಿಗೆ ಪರದೆ ಕಟ್ಟಿಕೊಟ್ಟ ಹಾಗೆ. ಒಳಗೆ ಏನು ನಡೆದರೂ ಯಾರಿಗೂ ಕಾಣುವುದಿಲ್ಲ.

ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಮೈಸೂರಿನ ಹಳೆಯ ಬಡಾವಣೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಬಿಟ್ಟ ಕಿರಿದಾದ ಓಣಿ. ಇದರ ಹಿಂದೊಂದು ಚರಿತ್ರೆ ಇದೆ, ಅದರಲ್ಲೂ ಇಲಿಯೇ ಇದೆ. 1898ರ ಹೊತ್ತಿಗೆ ಪ್ಲೇಗ್ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಇಕ್ಕಟ್ಟು, ಕತ್ತಲೆ, ಕೊಳಕು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಪ್ಲೇಗ್ ಅನ್ನುವುದು ಆಗ ಜನಕ್ಕೆ ತಟ್ಟಿತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಚರಂಡಿ, ಸಾಲಾಗಿ ಹಾಕಿದ ಹೊಸ ಬಡಾವಣೆಗಳು ಬಂದವು. ಇವತ್ತು ನಾವು ಹೆಮ್ಮೆಪಡುವ ಮೈಸೂರಿನ ಅಚ್ಚುಕಟ್ಟುತನಕ್ಕೆ ಇಲಿಯ ಭಯವೂ ಒಂದು ಕಾರಣ. ಮನೆಯ ಮುಂಭಾಗ ಕೊಳಕಾಗದ ಹಾಗೆ ಮಲ, ಕಸ ಸಾಗಿಸಲು ಹಿಂದಿನಿಂದ ಬಿಟ್ಟ ದಾರಿಯೇ ಕನ್ಸರ್ವೆನ್ಸಿ.

ಈಗ ಅದರ ಮೂಲ ಕೆಲಸ ಇಲ್ಲ. ಎರಡೂ ಕಡೆಯ ಮನೆಯವರೂ ಅದಕ್ಕೆ ಬೆನ್ನು ಹಾಕಿದ್ದಾರೆ. ಲೈಟಿಲ್ಲ, ಓಡಾಟವಿಲ್ಲ. ತೆಂಗಿನ ಗರಿ, ಒಡೆದ ಕಮೋಡು, ಹಳೇ ಹಾಸಿಗೆ ಎಲ್ಲಾ ಅಲ್ಲೇ. ನಮ್ಮ ಹಿಂದಿನ ಗಲ್ಲಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಟಾರ್ಚ್ ಹಿಡಿದು ನಡೆದೆ. ನಲವತ್ತು ಹೆಜ್ಜೆಯೊಳಗೆ ಏಳು ಬಿಲ ಎಣಿಸಿದೆ. ಎರಡರ ಬಾಯಲ್ಲಿ ಹಸಿ ಮಣ್ಣಿನ ಗುಡ್ಡೆ, ಅಂದರೆ ಹೆಗ್ಗಣ ಹಿಂದಿನ ರಾತ್ರಿಯೂ ಕೆಲಸ ಮಾಡಿದೆ. ಒಂದು ಕಡೆ ಚರಂಡಿಯ ಮೇಲಿನ ಚಪ್ಪಡಿ ಮುರಿದು ಬಾಯಿ ತೆರೆದಿತ್ತು. ಅದರ ಅಂಚಿನಿಂದ ನಮ್ಮ ಕಾಂಪೌಂಡಿನ ನೀರು ಹೋಗುವ ತೂತಿನವರೆಗೆ ಹುಲ್ಲು ತುಳಿದು ಸವೆದ ಸಣ್ಣ ಗೆರೆ. ಇಲಿ ಒಂದೇ ದಾರಿಯಲ್ಲಿ ದಿನಾ ಓಡಾಡುತ್ತದೆ, ಮೈಯ ಜಿಡ್ಡು ಗೋಡೆಗೆ ಹತ್ತಿ ಕಪ್ಪು ಪಟ್ಟಿ ಬೀಳುತ್ತದೆ. ಆ ಪಟ್ಟಿ ನೇರವಾಗಿ ನನ್ನ ಕಾರಿನ ಹಿಂದಿನ ಟೈರಿನ ಹತ್ತಿರ ಮುಗಿಯುತ್ತಿತ್ತು. ಮೂರು ಸಾವಿರ ರೂಪಾಯಿ ಕೊಟ್ಟು ಇಲಿ ಓಡಿಸುವ ಸ್ಪ್ರೇ ಹೊಡೆಸುವುದಕ್ಕಿಂತ ಆ ತೂತಿಗೆ ಒಂದು ತುಂಡು ಕಬ್ಬಿಣದ ಮೆಷ್ ಹೊಡೆಸಬೇಕಿತ್ತು ಅಂತ ಅಲ್ಲೇ ನಿಂತು ಅನ್ನಿಸಿತು.

ಮೈಸೂರು 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಅದು ಸುಳ್ಳಲ್ಲ. ಆದರೆ ಗುಡಿಸಿದ ಮುಖ್ಯರಸ್ತೆ ಇಲಿಗೆ ಸಂಬಂಧಪಟ್ಟ ಜಾಗವೇ ಅಲ್ಲ. ಇಲಿಯ ಊರು ಬೇರೆ: ಕನ್ಸರ್ವೆನ್ಸಿ, ಕಾಂಗ್ರೆಸ್ ಗಿಡ ಬೆಳೆದ ಖಾಲಿ ಸೈಟು, ಬೀದಿನಾಯಿಗೆಂದು ರಾತ್ರಿ ಗೇಟಿನ ಹೊರಗೆ ಸುರಿದ ಅನ್ನ. ಕೊನೆಯದನ್ನು ಹೇಳಿದರೆ ಬೀದಿಯಲ್ಲಿ ಜಗಳ ಆಗುತ್ತದೆ. ಹಾಕಬೇಡಿ ಅನ್ನುತ್ತಿಲ್ಲ. ಹಾಕಿ, ನಾಯಿ ತಿಂದ ಮೇಲೆ ಉಳಿದದ್ದನ್ನು ತೆಗೆಯಿರಿ.

ಮಂಡ್ಯದ ಕಡೆ ಲೆಕ್ಕವೇ ಬೇರೆ. ಅಕ್ಕನ ಮನೆ ಪಾಂಡವಪುರದ ಹತ್ತಿರ. ವಿಶ್ವೇಶ್ವರಯ್ಯ ನಾಲೆಯ ನೀರು, ಭತ್ತ, ಕಬ್ಬು. ಗದ್ದೆಯಲ್ಲಿ ಬೆಳೆ ಇರುವವರೆಗೆ ಇಲಿಗೆ ಅಲ್ಲೇ ಹಬ್ಬ. ನವೆಂಬರ್ ಡಿಸೆಂಬರಿನಲ್ಲಿ ಭತ್ತದ ಕೊಯ್ಲು ಆಯಿತು ಅಂದರೆ ಒಂದೇ ವಾರದಲ್ಲಿ ಊಟವೂ ಹೋಯಿತು, ಮರೆಯೂ ಹೋಯಿತು. ಕಬ್ಬಿನ ಗದ್ದೆಯೂ ಹಾಗೇ, ಕಟಾವಿಗೆ ಆಳು ಇಳಿದರೆ ಅದರೊಳಗೆ ಇದ್ದದ್ದೆಲ್ಲ ಹೊರಗೆ. ಆಗ ಅವು ಬದುವಿಗೆ, ಹುಲ್ಲಿನ ಮೆದೆಗೆ, ಕೊಟ್ಟಿಗೆಗೆ ಬರುತ್ತವೆ. ಭಾವ ಕಾರು ನಿಲ್ಲಿಸುವುದು ಎಲ್ಲಿ? ಮೆದೆಯ ಪಕ್ಕ, ನೆರಳಿಗೆ. ಚಳಿಗಾಲದಲ್ಲಿ ಬೆಚ್ಚಗಿನ ಇಂಜಿನ್, ಪಕ್ಕದಲ್ಲೇ ಹಾಸಿಗೆಗೆ ಒಣಹುಲ್ಲು. ಇಲಿಗೆ ಇದಕ್ಕಿಂತ ಏನು ಬೇಕು?

"ಏನ್ಲಾ ಇದು, ಪ್ರತಿ ಸಂಕ್ರಾಂತಿಗೂ ಇದೇ ಗೋಳಾಯ್ತದೆ," ಅಂತ ಭಾವ ಫೋನು ಮಾಡಿದ್ದರು. ಅವರ ಮಾತಿನಲ್ಲೇ ಉತ್ತರ ಇತ್ತು. ಪ್ರತಿ ಸಂಕ್ರಾಂತಿಗೆ ಅಂದರೆ ಕೊಯ್ಲಾದ ಮೇಲೆ. ಮರುವರ್ಷ ನವೆಂಬರಿನಿಂದ ಫೆಬ್ರವರಿವರೆಗೆ ಕಾರನ್ನು ಮೆದೆಯಿಂದ ದೂರ, ಅಂಗಳದ ಬಯಲಿನಲ್ಲಿ, ಬಲ್ಬಿನ ಕೆಳಗೆ ನಿಲ್ಲಿಸಿದರು. ಬಿಸಿಲಿಗೆ ಬಣ್ಣ ಹೋಗುತ್ತೆ ಅಂತ ಅಕ್ಕನ ತಕರಾರು. ಆ ವರ್ಷ ವೈರು ಮಾತ್ರ ಉಳಿಯಿತು. ಒಂದು ಕಾರು, ಒಂದು ವರ್ಷ. ಇದನ್ನು ಪುರಾವೆ ಅಂತ ಕರೆಯುವಷ್ಟು ಧೈರ್ಯ ನನಗಿಲ್ಲ. ಆದರೆ ಖರ್ಚಿಲ್ಲದ ಪ್ರಯೋಗ, ಮಾಡಿ ನೋಡಬಹುದು.

ಈಗ ದುಡ್ಡಿನ ಮಾತು. ಹೆಚ್ಚಿನವರು ಎಡವುವುದು ಇಲ್ಲೇ.

ಕಂಪನಿ ವಾರಂಟಿಯನ್ನು ಮರೆತುಬಿಡಿ. ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಇಲಿ ಕಡಿದದ್ದು ಹೊರಗಿನ ಕಾರಣ ಅಂತ ಕೈತೊಳೆದುಕೊಳ್ಳುತ್ತಾರೆ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೂ ಏನೂ ಸಿಗುವುದಿಲ್ಲ, ಅದು ನಮ್ಮಿಂದ ಬೇರೆಯವರಿಗಾದ ಹಾನಿಗೆ. ಹಳೇ ಕಾರಿಗೆ ಕಾನೂನಿಗೆ ಬೇಕಾದಷ್ಟು ಸಾಕು ಅಂತ ಥರ್ಡ್ ಪಾರ್ಟಿ ಮಾತ್ರ ಮಾಡಿಸಿದವರು ಬಿಲ್ಲನ್ನು ಜೇಬಿನಿಂದಲೇ ಕಟ್ಟಬೇಕು. ಉಳಿದದ್ದು ಕಾಂಪ್ರಹೆನ್ಸಿವ್ ಪಾಲಿಸಿಯ ಸ್ವಂತ ಹಾನಿಯ ಭಾಗ, ಏಜೆಂಟರ ಭಾಷೆಯಲ್ಲಿ 'ಓಡಿ'.

ಅಲ್ಲೂ ಮಾತು ಸರಳ ಇಲ್ಲ. ಪಾಲಿಸಿಯಲ್ಲಿ ಎರಡು ಸಾಲು ಒಂದರ ಮೇಲೊಂದು ಬೀಳುತ್ತವೆ. ಒಂದು, ಹೊರಗಿನ ಕಾರಣದಿಂದ ಆಕಸ್ಮಿಕವಾಗಿ ಆದ ಹಾನಿಗೆ ಪರಿಹಾರ ಇದೆ. ಇನ್ನೊಂದು, ಸವೆತ ಮತ್ತು ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಕೆಡುಕಿಗೆ ಪರಿಹಾರ ಇಲ್ಲ. ಇಲಿ ಕಡಿತ ಮೊದಲನೆಯದಕ್ಕೆ ಸೇರುತ್ತದೆ ಅಂತ ಹಲವು ಕಂಪನಿಗಳು ಕ್ಲೇಮು ಕೊಡುತ್ತವೆ. ಆದರೆ ವೈರು ಹಾಳಾಗಿ ಅದರಿಂದ ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್, ಸುಟ್ಟರೆ? ಅದು ಎಲೆಕ್ಟ್ರಿಕಲ್ ಕೆಡುಕು, ಇಲಿ ಅದನ್ನು ಕಡಿದಿಲ್ಲ ಅನ್ನುವ ವಾದ ಬರುತ್ತದೆ. ಮತ್ತೆ, ಹಳದಿ ದೀಪ ಕಂಡ ಮೇಲೂ ಓಡಿಸಿಕೊಂಡು ಹೋಗಿ ಹಾನಿ ಹೆಚ್ಚಾದರೆ ಅದು ನಿಮ್ಮ ತಪ್ಪು ಅನ್ನಬಹುದು. ನಾನು ಆ ಒಂದೂವರೆ ಕಿಲೋಮೀಟರ್ ಓಡಿಸಿದ್ದು ಈ ಲೆಕ್ಕದಲ್ಲಿ ಶುದ್ಧ ದಡ್ಡತನ. ಪೆಟ್ರೋಲ್ ಪೈಪಿಗೂ ಹಲ್ಲು ತಾಗಿದ್ದಿದ್ದರೆ ದಡ್ಡತನಕ್ಕೆ ಬೆಂಕಿಯೂ ಜೊತೆಯಾಗುತ್ತಿತ್ತು. ಪೆಟ್ರೋಲ್ ವಾಸನೆ ಬಂದರೆ ಕೀ ಮುಟ್ಟಲೇಬಾರದು, ಗಾಡಿಯನ್ನು ಎಳೆಸಿಕೊಂಡು ಹೋಗಬೇಕು.

ಕ್ಲೇಮು ಹಾಕುವುದಾದರೆ ರಿಪೇರಿಗೆ ಮೊದಲು ಕಂಪನಿಗೆ ತಿಳಿಸಿ. ಗೂಡು, ಹಿಕ್ಕೆ, ಹಲ್ಲಿನ ಗುರುತು ಇರುವ ವೈರಿನ ತುದಿ, ಎಲ್ಲದರ ಫೋಟೊ ಇರಲಿ. ಗೂಡನ್ನು ಗಾಬರಿಯಲ್ಲಿ ಕಸಕ್ಕೆ ಎಸೆಯಬೇಡಿ, ಹಾನಿ ನೋಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬರುವವರೆಗೆ ಅದೇ ನಿಮ್ಮ ಸಾಕ್ಷಿ. ಬಂದ ಹಣದಲ್ಲಿ ಮೊದಲಿಗೆ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ಕಡಿತವಾಗುತ್ತದೆ. ಸವಕಳಿ ಕಳೆಯದೆ ಹಣ ಕೊಡುವ 'ಝೀರೋ ಡೆಪ್' ಕವರ್ ಇಲ್ಲದಿದ್ದರೆ ರಬ್ಬರು, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ. ವೈರಿಂಗ್ ಕಿಟ್ ಅನ್ನುವ ವೈರುಗಳ ಕಟ್ಟಿನಲ್ಲಿ ತಾಮ್ರವೂ ಇದೆ, ಪ್ಲಾಸ್ಟಿಕ್ಕೂ ಇದೆ. ಸರ್ವೇಯರ್ ಅದನ್ನು ಯಾವ ಸಾಲಿಗೆ ಸೇರಿಸಿದರು ಅಂತ ಕೇಳಿ ತಿಳಿದುಕೊಳ್ಳಿ.

ಇದಕ್ಕಿಂತ ದೊಡ್ಡ ಲೆಕ್ಕ ನೋ ಕ್ಲೇಮ್ ಬೋನಸ್ಸಿನದು. ಇದನ್ನು ನಾನು ಹಾಳೆಯ ಮೇಲೆ ಬರೆದು ನೋಡಿದ ಮೇಲೆಯೇ ಕ್ಲೇಮು ಹಾಕದಿರಲು ತೀರ್ಮಾನಿಸಿದ್ದು. ಐದು ವರ್ಷ ಕ್ಲೇಮು ಮಾಡದವರಿಗೆ ಓಡಿ ಪ್ರೀಮಿಯಂನಲ್ಲಿ ಶೇ 50 ರಿಯಾಯಿತಿ. ಒಂದು ಕ್ಲೇಮು ಮಾಡಿದರೆ ಮುಂದಿನ ವರ್ಷ ಅದು ಸೊನ್ನೆ. ಆಮೇಲೆ ವರ್ಷಕ್ಕೊಂದು ಮೆಟ್ಟಿಲು: 20, 25, 35, 45, ಮತ್ತೆ 50. ರಿಯಾಯಿತಿಗೆ ಮೊದಲು ಪ್ರೀಮಿಯಂ 10,000 ಇದೆ, ಅದು ಬದಲಾಗುವುದಿಲ್ಲ ಅಂತ ಇಟ್ಟುಕೊಳ್ಳಿ. ಮೊದಲ ವರ್ಷ 5,000 ಜಾಸ್ತಿ ಕಟ್ಟುತ್ತೀರಿ, ಎರಡನೆಯದು 3,000, ಆಮೇಲೆ 2,500, 1,500, 500. ಕೂಡಿದರೆ 12,500. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ನಷ್ಟ ಸ್ವಲ್ಪ ಕಮ್ಮಿ ಇರುತ್ತದೆ. ಆದರೂ ಐದಾರು ಸಾವಿರದ ಬಿಲ್ಲಿಗೆ ಈ ಬೋನಸ್ಸನ್ನು ಬಲಿ ಕೊಡುವುದು ಬುದ್ಧಿವಂತಿಕೆ ಅಲ್ಲ. ನಲವತ್ತು ಸಾವಿರದ ಬಿಲ್ಲಾದರೆ ಕಣ್ಣು ಮುಚ್ಚಿ ಕ್ಲೇಮು ಹಾಕಿ. ಬೋನಸ್ ಉಳಿಸಿಕೊಡುವ ಹೆಚ್ಚುವರಿ ಕವರ್ ಮೊದಲೇ ತೆಗೆದುಕೊಂಡಿದ್ದರೆ ಈ ತಲೆನೋವು ಇಲ್ಲ.

ಕ್ಲೇಮು ತಿರಸ್ಕರಿಸಿದರು ಅಂತ ಸುಮ್ನೆ ಕೂರಬೇಡಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಇಲ್ಲ, ಇಲ್ಲವೇ ಬಂದ ಉತ್ತರ ಸರಿ ಇಲ್ಲ ಅಂದರೆ ಇಂಥ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿ. ಫೀಸು ಇಲ್ಲ, ವಕೀಲರೂ ಬೇಡ. ಕಂಪನಿಯ ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು.

ರಿಪೇರಿಯಲ್ಲೂ ಎರಡು ದಾರಿ. ಇಡೀ ವೈರಿಂಗ್ ಕಿಟ್ ಬದಲಿಸುವುದು ಒಂದು, ತುಂಡಾದ ವೈರನ್ನು ಬೆಸೆಯುವುದು ಇನ್ನೊಂದು. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಸಾಮಾನ್ಯವಾಗಿ ಮೊದಲನೆಯದನ್ನೇ ಹೇಳುತ್ತಾರೆ, ಅವರು ಆ ಕೆಲಸಕ್ಕೆ ಗ್ಯಾರಂಟಿ ಕೊಡಬೇಕಲ್ಲ. ಎರಡು ವೈರಿಗೆ ಅಷ್ಟು ಬೇಕಿಲ್ಲ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಅದೇ ದಪ್ಪದ ವೈರು ತಂದು, ಸೋಲ್ಡರ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ ಮುಗಿಸುತ್ತಾನೆ. ಬರೀ ಹೊಸೆದು ಟೇಪು ಸುತ್ತುವವನಾದರೆ ಬೇಡ, ಮಳೆಗಾಲದಲ್ಲಿ ಅಲ್ಲಿ ಹಸಿರು ಕಟ್ಟುತ್ತದೆ. ಏರ್‌ಬ್ಯಾಗ್ ವೈರು, ಬ್ರೇಕಿನ ಸೆನ್ಸರ್ ವೈರು ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ಲಿಗೆ ಮಾತ್ರ ಈ ಉಳಿತಾಯ ಬೇಡ. ಆ ಕಿತ್ತಳೆ ಕೇಬಲನ್ನು ಬೀದಿ ಗ್ಯಾರೇಜಿನವರು ಮುಟ್ಟಲೂ ಬಾರದು.

ಉಪಾಯಗಳ ಪಟ್ಟಿ ದೊಡ್ಡದಿದೆ, ಬೇಗ ಮುಗಿಸುತ್ತೇನೆ. ನಮಗೆ ಕೇಳಿಸದ ಸದ್ದು ಮಾಡುವ ಅಲ್ಟ್ರಾಸೋನಿಕ್ ಯಂತ್ರ: ಅಮೆರಿಕದ ವ್ಯಾಪಾರ ನಿಯಂತ್ರಣ ಸಂಸ್ಥೆ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರಿಗೆ, ಮಾರಾಟಗಾರರಿಗೆ ಪುರಾವೆ ಇಲ್ಲದೆ ಹೇಳಿಕೆ ಕೊಡಬೇಡಿ ಅಂತ ಎಚ್ಚರಿಕೆ ಪತ್ರ ಕಳಿಸಿತ್ತು. ಇಲಿ ಆ ಸದ್ದಿಗೆ ಕೆಲವು ದಿನದಲ್ಲಿ ಒಗ್ಗಿಕೊಳ್ಳುತ್ತದೆ. ನುಸಿಗುಳಿಗೆ: ಇಲಿಗಿಂತ ಮೊದಲು ಎಸಿಯ ಮೂಲಕ ನಿಮ್ಮ ಮೂಗಿಗೆ ಬರುತ್ತದೆ, ಒಳಗೆ ಕೂರುವ ಮಗುವಿಗೆ ಒಳ್ಳೆಯದಲ್ಲ. ಹೊಗೆಸೊಪ್ಪಿನ ಗಂಟು, ಪುದೀನಾ ಎಣ್ಣೆ: ವಾಸನೆ ಇರುವವರೆಗೆ ಸರಿ, ಬಿಸಿ ಇಂಜಿನ್ ಮೇಲೆ ಅದು ಎಷ್ಟು ದಿನ ಉಳಿಯುತ್ತದೆ? ಇದ್ದುದರಲ್ಲಿ ನನಗೆ ಬುದ್ಧಿ ಇದೆ ಅನ್ನಿಸಿದ್ದು ಖಾರದ ಟೇಪು. ಹೋಂಡಾ ಅಮೆರಿಕದಲ್ಲಿ ಮಾರುವ ಈ ಟೇಪಿಗೆ ಮೆಣಸಿನಕಾಯಿಯ ಖಾರದ ಅಂಶ ಸೇರಿಸಿರುತ್ತಾರೆ, ಮೇಲೆ ಇಲಿಯ ಚಿತ್ರವೂ ಇದೆ. ವಾಸನೆಯಿಂದ ಓಡಿಸುವುದು ಬೇರೆ, ಕಚ್ಚಿದಾಗ ಬಾಯಿ ಉರಿಯುವುದು ಬೇರೆ. ನಮ್ಮ ಮೆಕ್ಯಾನಿಕ್ಕಿಗೆ ಇದನ್ನು ಹೇಳಿದೆ. "ಬ್ಯಾಡಗಿ ಹಾಕಿದ್ರೆ ಬಣ್ಣ ಬರ್ತದೆ ಅಷ್ಟೇ ಸಾರ್, ಗುಂಟೂರೇ ಆಗ್ಬೇಕು," ಅಂದ.

ವಿಷದ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಕಾರಿನೊಳಗೆ ಪಾಷಾಣ ಇಡಬೇಡಿ. ತಿಂದ ಇಲಿ ನಿಮಗೆ ಅನುಕೂಲವಾದ ಜಾಗದಲ್ಲಿ ಸಾಯುವುದಿಲ್ಲ, ಎಸಿ ಬ್ಲೋವರ್ ಒಳಗೆ ಹೋಗಿ ಸಾಯುತ್ತದೆ. ಆ ವಾಸನೆಗೆ ಡ್ಯಾಶ್‌ಬೋರ್ಡ್ ಬಿಚ್ಚಿಸುವ ಖರ್ಚು ವೈರಿನ ಖರ್ಚನ್ನು ಮೀರಿಸಬಹುದು. ಹಳದಿ ರಂಜಕದ ಇಲಿ ಪೇಸ್ಟ್ ಮಕ್ಕಳ ಕೈಗೆ ಸಿಕ್ಕರೆ ಯಕೃತ್ತನ್ನೇ ಹಾಳುಮಾಡುತ್ತದೆ, ಅದಕ್ಕೆ ನಿರ್ದಿಷ್ಟ ಮದ್ದಿಲ್ಲ. ವಿಷ ತಿಂದ ಇಲಿಯನ್ನು ಗೂಬೆ, ಬೆಕ್ಕು, ಕೇರೆಹಾವು ತಿಂದರೆ ಅವುಗಳಿಗೂ ಅಪಾಯ. ನಮ್ಮ ಪರವಾಗಿ ಸಂಬಳವಿಲ್ಲದೆ ಕೆಲಸ ಮಾಡುವವರನ್ನು ನಾವೇ ಕೊಂದ ಹಾಗೆ. ಗದ್ದೆಯವರಿಗೆ ಇದರ ಶಿಸ್ತು ಗೊತ್ತು: ಮೊದಲು ಒಂದೆರಡು ದಿನ ವಿಷವಿಲ್ಲದ ತಿಂಡಿ ಇಟ್ಟು ರೂಢಿ ಮಾಡಿಸಿ, ಆಮೇಲೆ ನೂರಕ್ಕೆ ಎರಡು ಭಾಗ ಜಿಂಕ್ ಫಾಸ್ಫೈಡ್ ಬೆರೆಸಿ ಬಿಲದೊಳಗೆ ಇಡುತ್ತಾರೆ. ಅದೂ ಇಡೀ ಬಯಲಿನವರು ಒಟ್ಟಿಗೆ. ಒಬ್ಬರೇ ಇಟ್ಟರೆ ಪಕ್ಕದ ಗದ್ದೆಯ ಇಲಿ ಬಂದು ಖಾಲಿ ಬಿಲ ಹಿಡಿಯುತ್ತದೆ.

ಬೀದಿಗೂ ಅನ್ವಯಿಸುವುದು ಈ 'ಒಟ್ಟಿಗೆ' ಅನ್ನುವ ಮಾತೇ. ಇಲಿಯ ಗರ್ಭ ಮೂರು ವಾರದ್ದು. ಒಂದು ಸೂಲಿಗೆ ಆರೇಳು ಮರಿ, ಕೆಲವೇ ತಿಂಗಳಲ್ಲಿ ಆ ಮರಿಗಳೂ ಮರಿ ಹಾಕುತ್ತವೆ. ಬೋನಿಗೆ ಒಂದು ಬಿತ್ತು ಅಂತ ಖುಷಿಪಡುವುದರಲ್ಲಿ ಅರ್ಥವಿಲ್ಲ. ಗೂಡು ತೆಗೆದ ಮೇಲೂ ಇಲಿಯ ಮೂತ್ರದ ವಾಸನೆ ಉಳಿದಿರುತ್ತದೆ, ಮುಂದಿನ ಇಲಿಗೆ ಅದೇ ವಿಳಾಸ. ಆದ್ದರಿಂದ ಆ ಜಾಗವನ್ನು ತೊಳೆಯಲೇಬೇಕು. ಇಲಿಜ್ವರ ಹರಡುವುದೂ ಆ ಮೂತ್ರದಿಂದಲೇ, ಹಾಗಾಗಿ ಬರಿಗೈಯಲ್ಲಿ ಬೇಡ. ಒಣ ಹಿಕ್ಕೆಯನ್ನು ಗಾಳಿಪೈಪಿನಲ್ಲಿ ಊದಿಸಬೇಡಿ. ಗ್ಲೌಸು, ಮಾಸ್ಕು ಹಾಕಿ, ಬ್ಲೀಚಿಂಗ್ ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ ತೆಗೆಯಿರಿ.

ನನ್ನ ಬಿಲ್ಲು 4,800 ಆಯಿತು. ಈಗ ಕಾರು ಗೋಡೆ ಬಿಟ್ಟು ಬೀದಿ ದೀಪದ ಕೆಳಗೆ ನಿಲ್ಲುತ್ತದೆ. ಹೊದಿಕೆ ತೆಗೆದಿದ್ದೇನೆ. ಕಾಂಪೌಂಡಿನ ತೂತಿಗೆ ಮೆಷ್ ಹಾಕಿಸಿದ್ದಕ್ಕೆ 350 ರೂಪಾಯಿ. ಎರಡು ದಿನಕ್ಕೊಮ್ಮೆ ಬೆಳಗ್ಗೆ ಬಾನೆಟ್ ಎತ್ತಿ ಟಾರ್ಚ್ ಬಿಡುತ್ತೇನೆ. ಪಕ್ಕದ ಮನೆಯವರು ಮೊದಮೊದಲು ನಗುತ್ತಿದ್ದರು. ಕಳೆದ ವಾರ ಅವರ ಕಾರಿನ ಎಸಿಯಿಂದ ವಾಸನೆ ಬರಲು ಶುರುವಾಗಿದೆ. ಕನ್ಸರ್ವೆನ್ಸಿಯ ಆ ಮುರಿದ ಚಪ್ಪಡಿ ಇನ್ನೂ ಹಾಗೇ ಇದೆ. ಎರಡು ಸಾಲಿನ ಹದಿನಾರು ಮನೆಯವರು ಸೇರಿ ಬರೆದ ಅರ್ಜಿಗೆ ಇಲ್ಲಿಯವರೆಗೆ ಹನ್ನೊಂದು ಸಹಿ ಬಿದ್ದಿದೆ.